ಕುಡುಗೋಲು ಮಸೆದ ಕಲ್ಲು

ಅರಸೀಕೆರೆ ಸ್ಟ್ಯಾಂಡಿನಲ್ಲಿ ಐದೂವರೆಗೆ ಹತ್ತಿದರು ಪದ್ಮಲತಾ ಮೇಡಂ.
ಬಕೆಟ್ಟು, ಗಡಸು ಕೂದಲ ಬ್ರಷ್ಷು, ಮಸಿ ಡಬ್ಬ,
ಬಾಣಂತಿ ಕೂಸಿನ ಹಾಗೆ ಶಾಲಲ್ಲಿ ಸುತ್ತಿದ ಕಾಗದದ ಸುರುಳಿ.
ಪುಷ್ಯದ ಚಳಿ. ಅಂಬಾಸಿಡರಿಗೆ ವೈಪರ್ ಒಂದೇ,
ಅದೂ ನನ್ನ ಕಡೆಯದಲ್ಲ.
ಎಷ್ಟು ದೂರ ಮೇಡಂ, ಅಂದೆ.
ಎಂಟುನೂರು ವರ್ಷ, ಅಂದರು.
ಕಿಲೋಮೀಟರ್ ಲೆಕ್ಕಕ್ಕೆ ಮಾತಾಗಿತ್ತು. ಸುಮ್ಮನಾದೆ.

ಬಾಣಾವರ ದಾಟಿತು. ಹುರುಳಿ ಕಿತ್ತ ಹೊಲ, ರಾಗಿ ಕೂಳೆ,
ಸುಳಿ ಬಿದ್ದ ತೆಂಗು.
ಟಾರು ಮುಗಿದು ಮಣ್ಣು, ಮಣ್ಣು ಮುಗಿದು ಮರಳು.
ಕೆರೆಯಂಗಳ ಅಂದರು. ಅಂಗಳವಿತ್ತು.
ತೂಬಿನ ಕಂಬಗಳೆರಡು ನಿಂತಿದ್ದವು,
ಕೊನೆ ಬಸ್ಸು ಹೋದದ್ದು ಗೊತ್ತಿಲ್ಲದವರಂತೆ.
ಚಕ್ರ ಹೂತಿತು. ನೆರಿಗೆ ಎತ್ತಿ ಸಿಕ್ಕಿಸಿ
ಮೇಡಂ ನನಗಿಂತ ಜೋರು ತಳ್ಳಿದರು.

ಗುಡಿಯೆಂದರೆ ಒಂದು ಬಾಗಿಲುವಾಡ.
ಈಚೆಗೂ ಬಯಲು, ಆಚೆಗೂ ಬಯಲು.
ಕೆಡೆದ ಆನೆಸಾಲಿನಲ್ಲಿ ಉಳಿದದ್ದು ಕಾಲುಗಳು ಮಾತ್ರ,
ಇನ್ನೂ ನಡೆಯುತ್ತ.
ಆದರೂ ಅವರು ಚಪ್ಪಲಿ ಬಿಟ್ಟು ಬಗ್ಗಿ ದಾಟಿದರು.
ನಾನೂ ಬಿಟ್ಟೆ. ನೆಗ್ಗಿಲು ಮುಳ್ಳು ಹೊಕ್ಕಿತು.

ಕಳ್ಳಿಬೇಲಿಯ ಬುಡದಲ್ಲಿ ವೀರಗಲ್ಲು.
ಕೆಳಗೆ ಒಬ್ಬ ಕಾದುತ್ತಿದ್ದಾನೆ, ಹಿಂದೆ ದನಗಳ ಮುಸುಡಿ.
ಮೇಲೆ ಅವನನ್ನೇ ಇಬ್ಬರು ಹೆಂಗಸರು ತೋಳು ಹಿಡಿದು
ಎತ್ತಿಕೊಂಡು ಹೋಗುತ್ತಿದ್ದಾರೆ, ಬಾಡಿಗೆ ಕೇಳದೆ.
ನಡುವೆ ಬರಹ. ಬರಹದ ನಡುವೆ
ಬೊಗಸೆಯಷ್ಟು ತಗ್ಗು, ನುಣ್ಣಗೆ, ಇಬ್ಬನಿ ನಿಂತು.

'ನಾವೇ ಕಣವ್ವ ಮಸ್ದಿದ್ದು' ಅಂದಳು ಆಡು ಹೊಡಕೊಂಡು ಬಂದ ಜುಂಜಮ್ಮ.
'ನಮ್ಮತ್ತೆ, ಅವರತ್ತೆ. ಕುಡ್ಲಿಗೆ ಇಂಥ ಕಲ್ಲು
ಸುತ್ತ ಹತ್ತೂರಲ್ಲಿ ಇಲ್ಲ.'
ಮೇಡಂ ಬಯ್ಯುತ್ತಾರೆ ಅಂದುಕೊಂಡೆ.
ತಗ್ಗಿನಲ್ಲಿ ಬೆರಳಾಡಿಸಿ, 'ಹರಿತ ಬರುತ್ತಾ?' ಅಂದರು.
'ಕೂದ್ಲು ಸೀಳ್ತದೆ.'

ಕಾಗದ ನೆನೆಸಿ, ಹೊದಿಸಿ, ಬ್ರಷ್ಷಲ್ಲಿ ಬಡಿದು, ಮಸಿ ಒತ್ತಿದರು.
ಮಂಜು ಬಿಡದು, ಕಾಗದ ಒಣಗದು.
ಕೊನೆಗೆ ನಾನೇ ಇಂಜಿನ್ನು ಚಾಲು ಮಾಡಿ
ಬಿಸಿ ಬಾನೆಟ್ಟಿನ ಮೇಲೆ ಹಾಸಿ ಅಂದೆ.
ಡೀಸೆಲ್ಲು ನನ್ನದು. ಯಾಕೋ ಅಂದೆ.

ಕಪ್ಪಿನೊಳಗಿಂದ ಬಿಳಿ ಅಕ್ಷರ ಎದ್ದವು.
ಮೇಡಂ ಓದಿದರು: ತುಱುವಂ ಮಗುಳ್ಚಿ ಸತ್ತಂ.
ದನ ತಿರುಗಿಸಿ ತಂದು ಸತ್ತ.
ನಡುವಿನ ಈ ಱ ಈಗ ಇಲ್ಲ ಕಣ್ರೀ, ಅಂದರು.
ಎಲ್ಲಿಗೆ ಹೋಯಿತು?
ಮೊದಲು ಬಾಯಿಂದ ಹೋಯಿತು. ಆಮೇಲೆ ಕೈಯಿಂದ.
ಅವನ ಹೆಸರು?
ಹೆಸರಿದ್ದ ಕಡೆ ಬರೀ ಬಿಳಿ,
ಎಳೆ ಚಂದ್ರನ ಹಾಗೆ ಬಾಗಿದ ಬಿಳಿ.

ಜುಂಜಮ್ಮ ಕೇಳಿದ್ದು ಬೇರೆ.
'ದನ ಬಂದ್ವಾ?'
'ಬಂದವಂತೆ.'
'ಸರಿ ಹಂಗಾರೆ,' ಅಂದವಳು
ಬೇಲಿಯಾಚೆ ನುಗ್ಗಿದ ಹೋತವನ್ನು ಬಯ್ಯುತ್ತ ಹೋದಳು.

ಸಂಜೆ ಸ್ಟ್ಯಾಂಡಿನಲ್ಲಿ ಇಳಿಯುವಾಗ ಬಾಡಿಗೆ ಎಣಿಸಿಕೊಟ್ಟರು.
ಒಂದು ನೋಟಿನ ಮೇಲೆ ಅವರ ಹೆಬ್ಬೆರಳು, ಕಪ್ಪಗೆ, ಗೆರೆಗೆರೆಯಾಗಿ.
ಬಂಕಿನ ಹುಡುಗ ಅದನ್ನು ದೀಪಕ್ಕೆ ಹಿಡಿದ,
ತಿರುಗಿಸಿ ನೋಡಿದ,
ತಗೊಂಡ.