ಕೆಳಗಿನ ಸಾಲು

ಸಪ್ತಾಪುರದ ಟ್ಯೂಶನ್ ಕ್ಲಾಸಿನ ಮಹಡಿ ಮ್ಯಾಲ
ಗ್ವಾಡಿಗೆ ಬಿಗಿದ ಬಿಳೇ ಚಾದರ, ಹದಿನಾಲ್ಕು ಖುರ್ಚಿ,
ಅದರಾಗ ಎರಡು ಖಾಲಿ.
ಈಜಿಪ್ತಿನ ಪಿಕ್ಚರು. ಮುದುಕ ಡೈರೆಕ್ಟರ್ ತನ್ನ ಕಥಿ ತಾನ ತಗದಾನ:
ಹರೇದಾಗ ಅಮೇರಿಕಾಕ್ಕ ಕಲೀಲಿಕ್ಕೆ ಹೋದದ್ದು,
ಅಲ್ಲೊಬ್ಬಾಕಿನ್ನ ಕಳಕೊಂಡು ಹೊಳ್ಳಿ ಬಂದದ್ದು,
ನಲವತ್ತು ವರ್ಷದ ಮ್ಯಾಲ ಅದ ಊರವರು ಕರದು
ಸನ್ಮಾನ ಮಾಡೋದು.
ಆಂವನ ಸಿಟ್ಟು ನೋಡಿದ್ರ
ಯಾವ ಶಾಲಿನಾಗೂ ಹಿಡಸಂಗಿಲ್ಲ.

ಕಿವಿಗೆ ಅರಬ್ಬಿ, ಕೆಳಗ ಇಂಗ್ಲೀಷಿನ ಸಾಲು.
ಮದರಸಾದಾಗ ಬೆತ್ತ ತಿಂದು ಕಲಿತ ಅರಬ್ಬಿ ನಂದು,
ಓದಲಿಕ್ಕೆ ಬರ್ತದ, ತಿಳಿಯಂಗಿಲ್ಲ.
ಆ ಮಂದಿ ಬೈಯೋದು, ಮುದ್ದು ಮಾಡೋದು, ಟ್ಯಾಕ್ಸಿ ಕರಿಯೋದು
ಎಲ್ಲಾ ದುವಾ ಓದಿದಂಗ ಕೇಳಸ್ತದ.
ಹಂಗಾಗಿ ಕೆಳಗಿನ ಸಾಲು ಓದತೀನಿ.
ಓದತೀನಿ, ನಂಬಂಗಿಲ್ಲ.
ಯಾಕಂದ್ರ ನಾನೂ ಒಂದು ಕಾಲಕ್ಕ
ಕೆಳಗಿನ ಸಾಲಾಗಿದ್ದೆ.

ಎಪ್ಪತ್ತೊಂದನೇ ಇಸವಿ. ಕೃಷಿ ಕಾಲೇಜಿನ ಜೀಪು,
ಹದಿನಾರು ಎಂಎಂ ಪ್ರೊಜೆಕ್ಟರು, ಅದನ್ನ ನಡಸಾಂವ ನಾನು,
ದಸ್ತಗೀರ ಬ್ಯಾಹಟ್ಟಿ, ದಿನಕ್ಕ ನಾಲ್ಕು ರೂಪಾಯಿ.
ಲೊರೇನ್, ಒಹಾಯೋದಾಕಿ, ಇಪ್ಪತ್ಮೂರು ತುಂಬಿತ್ತೋ ಇಲ್ಲೋ,
ಬಿಳೇ ಕೋಳಿ ಸಾಕೋದು ಹೆಂಗಂತ ನಮಗ ಹೇಳಲಿಕ್ಕೆ ಬಂದಿದ್ಲು.
ಬ್ಯಾಹಟ್ಟಿ ಅನ್ನೋದು ಆಕಿ ನಾಲಿಗಿಗೆ ಹೊಂದಲಿಲ್ಲ,
ಬೇಟಿ ಅಂತಿದ್ಲು.
ನಿನ್ನ ಮಗಳು ಮಾಡಿ ಕೂಡಿಸಿದ್ಲಲ್ಲೋ ಅಂತ
ಅಮ್ಮ ನಕ್ಕಿದ್ದ ನಕ್ಕಿದ್ದು.

ಹೆಬ್ಬಳ್ಳಿ, ಗರಗ, ಅಮ್ಮಿನಭಾವಿ.
ಚಾವಡಿ ಮುಂದ ಪರದೆ, ಪರದೆ ಹಿಂದನೂ ಹುಡುಗರು.
ಮೈಕಿನಾಗ ಮೊದಲ ಆಕಿ ಇಂಗ್ಲೀಷು,
ಅದರ ಬೆನ್ನಿಗೆ ನನ್ನ ಕನ್ನಡ.
ಒಂದು ಸಂಜಿ ಕೆಲಗೇರಿ ಕೆರಿ ದಂಡ್ಯಾಗ ಜೀಪು ಕೆಟ್ಟು ನಿಂತಾಗ
ನಮ್ಮೂರ ಕೆರಿಗೆ ಆಚಿ ದಂಡಿನ ಕಾಣಂಗಿಲ್ಲ ಅಂದ್ಲು.
ಹಂಗಾದ್ರ ಅದು ಕೆರಿ ಅಲ್ಲ ಅಂದೆ ನಾ.
ನಾವು ಪ್ರೀತಿ ಅಂತ ಮಾತಾಡಿದ್ದು ಅಷ್ಟ.

ಡಿಸೆಂಬರಿನಾಗ ಯುದ್ಧ ಆತು.
ಅವರ ದೇಶದ ಹಡಗು ಬಂಗಾಳ ಕೊಲ್ಲಿಗೆ ಹೊಂಟದ ಅಂತು ರೇಡಿಯೋ.
ಟೋಲನಾಕಾದ ಚಾದಂಗಡ್ಯಾಗ ಕೇಳಿದ್ರು:
ಏನೋ ದಸ್ತಗೀರ, ನಿಮ್ಮ ಮೇಡಮ್ಮನ ಹಡಗು ಎಲ್ಲಿತನಕ ಬಂತು?
ಆ ತಿಂಗಳು ನನ್ನೂ ಬ್ಯಾರೆ ನಮೂನಿ ನೋಡತಿದ್ರು,
ಅದನ್ನ ಬಿಡ್ರಿ.

ಅಮ್ಮಿನಭಾವ್ಯಾಗ ಕಡೀ ಶೋ.
ಪರದೆ ಮ್ಯಾಲ ಒಂದು ತತ್ತಿ ಬಿರೀಲಿಕ್ಕತ್ತಿತ್ತು.
ಆಕಿ ಮೈಕ್ ಹಿಡಕೊಂಡು, ನನ್ನ ಕಡೆ ನೋಡದ, ಇಂಗ್ಲೀಷಿನಾಗ
ನನ್ನನ್ನ ವಾಪಸ್ ಕರಸ್ಯಾರ, ಹೋಗೋ ಮನಸಿಲ್ಲ,
ಇರು ಅಂತ ಒಬ್ಬರು ಅಂದ್ರ ಇರತೀನಿ ಅಂದ್ಲು.

ಮುನ್ನೂರು ಮಂದಿ ನನ್ನ ಬಾಯಿ ನೋಡಿದ್ರು.
ನಾ ಕನ್ನಡ ಮಾಡಿದೆ:
"ಚಿಪ್ಪಿನ ಪುಡಿ ಕಾಳಿನಾಗ ಕಲಸಿ ಹಾಕ್ರಿ,
ತತ್ತಿ ಗಟ್ಟಿ ಆಗ್ತಾವ."

ಆಕಿಗೆ ಅಷ್ಟೊತ್ತಿಗೆ ಕನ್ನಡ ಬರ್ತಿತ್ತು.

ಈಗ ಇಲ್ಲಿ ಲ್ಯಾಪ್‌ಟಾಪಿನ ಹುಡುಗ ಏನೋ ತಪ್ಪು ಒತ್ಯಾನ.
ಬಾಯಿ ಮೊದಲ, ಸಾಲು ಆಮ್ಯಾಲ.
ಮುದುಕ ಏನೇನೋ ಉದ್ದಕ ಅಂದ, ಟೊಪಿಗಿ ಹಾಕ್ಕೊಂಡ, ಪಾಯಟಿಗಿ ಇಳದ.
ಆಕಿ ಬಾಗಲಾ ಹಾಕಿದ್ಲು.
ಸೀನು ಬದಲಾಗಿ ಬರೇ ಸಮುದ್ರ,
ಆಗ ಬಂತು ಆಂವನ ಮಾತು, ಎರಡ ಶಬ್ದ, ಬೆಳ್ಳಗ,
ನೀರಿನ ಮ್ಯಾಲ ನಿಂತು ಹೋತು.

ಸಾರಿ ಸರ್, ಬಂದ್ ಮಾಡಿ ಮತ್ತ ಹಚ್ಚತೀನಿ ಅಂದ ಹುಡುಗ.

ಇರು, ಅಂದೆ.
ದನಿ ಜೋರಾತೇನೋ,
ಖುರ್ಚ್ಯಾಗಿನ ಮಂದಿ ಎಲ್ಲಾ ಹೊಳ್ಳಿ ನೋಡಿದ್ರು.