ರಟ್ಟು ಹಿಡಿದವಳು

ಬಫಲೋ ಊರಿನಲ್ಲಿ ಆಗ ಟೀವಿಯೂ ಮಲಗುತ್ತಿತ್ತು.
ರಾತ್ರಿ ಹನ್ನೊಂದೂವರೆಗೆ ಪಾದ್ರಿಯೊಬ್ಬ ಬಂದು
ಐದು ನಿಮಿಷ ಪಾಪದ ಮಾತಾಡಿ ಹೋದಮೇಲೆ
ಪರದೆಯ ತುಂಬ ಬರೀ ಗುಂಯ್.
ಆ ಗುಂಯ್‌ನ ಜಾಗ ನಮಗೆ ಕೊಟ್ಟರು.
"ಯಾರೂ ನೋಡದ ಹೊತ್ತು, ಏನಾದರೂ ಮಾಡಿಕೊಳ್ಳಿ,
ಕುರ್ಚಿ ಮಾತ್ರ ಮುರಿಯಬೇಡಿ" ಅಂದರು ಮ್ಯಾನೇಜರು.
ಮೊದಲ ವಾರವೇ ಮೂರು ಕುರ್ಚಿ ಮುರಿದವು.

ನಾನು ಬ್ರೋನ್ಯಾ. ಸಾಸೇಜ್ ಅಂಗಡಿಯ ಗಾಜಿನ ಮೇಲೆ
ಬೆಲೆ ಬರೆಯುತ್ತಿದ್ದವಳು.
ಅಕ್ಷರ ದುಂಡಗಿದೆಯೆಂದು ಸೈಲಸ್ ಎಳೆದು ತಂದ.
ಬಿಳಿ ರಟ್ಟಿನ ಮೇಲೆ ದಪ್ಪ ಮಸಿಯಲ್ಲಿ ಮಾತು ಬರೆದು
ಕ್ಯಾಮೆರಾದ ಕಿವಿಯ ಪಕ್ಕ ಎತ್ತಿ ಹಿಡಿಯಬೇಕು.
ನಟರಿಗೆ ಒಂದು ಸಾಲೂ ಬಾಯಿಪಾಠವಿಲ್ಲವೆಂಬ ಗುಟ್ಟು
ರಟ್ಟಾಗದ ಹಾಗೆ ರಟ್ಟು ಹಿಡಿಯುವುದು.
ವಾರಕ್ಕೆ ನಲವತ್ತು ಡಾಲರು, ಜೊತೆಗೆ ಆರಿದ ಸೂಪು.

ಸೈಲಸ್ ಬರೆಯುತ್ತಿದ್ದ, ಬರೆದದ್ದನ್ನು ಹೊಡೆದುಹಾಕುತ್ತಿದ್ದ.
ಇನ್ನು ಆರೇ ನಿಮಿಷ ಅನ್ನುವಾಗ ಬಾಗಿಲಲ್ಲಿ ತಲೆಯಿಟ್ಟು
"ಮೇಯರು ಬೇಡ, ಮಂಗ ಸಾಕು" ಅನ್ನುತ್ತಿದ್ದ.
ಮೇಯರಿನ ಮೇಲೆ ಕಾಗದ ಅಂಟಿಸಿ ಮಂಗ ಬರೆದೆ.
ಹಸಿ ಗೋಂದು. ನಡುವೆ ಕಾಗದ ಜಾರಿತು.
ಬಾಳೆಹಣ್ಣು ಸುಲಿಯುತ್ತಿದ್ದ ಮಂಗ ತಟ್ಟನೆ
ರಸ್ತೆ ರಿಪೇರಿಯ ಭರವಸೆ ಕೊಟ್ಟಿತು.
ಅರ್ಲೋ ಹಾಗೆಯೇ. ಬರೆದದ್ದು ವೇದ.

ನೋಡಲು ಬರುವವರು ಮಾತ್ರ ಇಲ್ಲ.
ಅರವತ್ತು ಕುರ್ಚಿ (ಮುರಿದವು ಬಿಟ್ಟು), ಒಬ್ಬ ಕಾವಲುಗಾರ,
ಅವನಿಗೆ ಕಿವಿ ಮಂದ.

ಆಮೇಲೆ ಜನವರಿಯ ಹಿಮ. ಕಾರುಗಳು ಹೂತು
ಆಂಟೆನಾ ಮಾತ್ರ ಮೊಳಕೆಯಂತೆ ಹೊರಗಿದ್ದ ವಾರ.
ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದವರನ್ನು ತೆಲ್ಮಾ ಕರೆತಂದಳು:
"ಹೀಟರಿದೆ, ಡೋನಟ್ ಇದೆ, ನಗಲೇಬೇಕೆಂದಿಲ್ಲ."
ಒಂಬತ್ತು ಜನ. ಬ್ರಷ್ ಮಾರುವವನೊಬ್ಬ,
ಮಗುವಿನ ಬೂಟು ಒಣಗಿಸುತ್ತಿದ್ದ ಬಾಣಂತಿ,
ಮುಂದಿನ ಸಾಲಿನಲ್ಲಿ ಒಬ್ಬ ಕೈದಿ, ಒಬ್ಬ ಪೊಲೀಸು,
ಇಬ್ಬರಿಗೂ ಸೇರಿ ಒಂದೇ ಬೇಡಿ.

ಆ ರಾತ್ರಿಯೂ ಬಾಗಿಲಲ್ಲಿ ಸೈಲಸ್:
"ಬಿಷಪ್ಪು ಬೇಡ, ಹಲ್ಲಿನ ಡಾಕ್ಟರು."
ಅಂಟಿಸಿದೆ. ಎತ್ತಿದೆ. ಯಾರೋ ಹಿಂಬಾಗಿಲು ತೆರೆದರು.
ಗಾಳಿ ನುಗ್ಗಿ ಕೈಯಲ್ಲಿದ್ದುದನ್ನೆಲ್ಲ ಕಿತ್ತುಕೊಂಡಿತು.

ಅರ್ಲೋ ಇಕ್ಕಳ ಹಿಡಿದು ನಿಂತ.
ತೆಲ್ಮಾ ಬಾಯಿ ತೆರೆದುಕೊಂಡೇ ಇದ್ದಳು.
ನೇರಪ್ರಸಾರದಲ್ಲಿ ಹನ್ನೊಂದು ಸೆಕೆಂಡಿನ ಮೌನ
ಎಷ್ಟು ಉದ್ದವೆಂದು ನನ್ನ ಮೊಣಕಾಲಿಗೆ ಗೊತ್ತು,
ನಾನು ನೆಲದ ಮೇಲೆ ತೆವಳುತ್ತಿದ್ದೆ.

ಒಂದು ರಟ್ಟು ಕೈದಿಯ ತೊಡೆಗೆ ಬಿದ್ದಿತ್ತು.
ಅವನು ಬೆರಳಿಟ್ಟು, ಶಾಲೆ ಬಿಟ್ಟವನ ಹಾಗೆ,
ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ:
"ಡಾ-ಕ್ಟ-ರೇ, ಇ-ದು ನ-ನ್ನ ಹ-ಲ್ಲ-ಲ್ಲ."
ಅರ್ಲೋ ತಿರುಗಿದ. "ಹಾಗಾದರೆ ಯಾರದಯ್ಯಾ?"
ಕೈದಿ ತೋರಿಸಲು ಕೈ ಎತ್ತಿದ,
ಪೊಲೀಸಿನ ಕೈಯೂ ಜೊತೆಗೇ ಎದ್ದಿತು.

ಬಾಣಂತಿ ಮೊದಲು ನಕ್ಕಳು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ.
ಒಂದು ಕೈಯಲ್ಲಿ ಚಪ್ಪಾಳೆಯಾಗದು ಅನ್ನುತ್ತಾರಲ್ಲ,
ಕೈದಿ ತಟ್ಟಿದಾಗಲೆಲ್ಲ ಪೊಲೀಸೂ ತಟ್ಟಬೇಕಾಯಿತು.

ಏಳು ಫೋನು ಬಂದವು. ಆರು ಬೈಗುಳ.
ಇನ್ನೊಂದು, ಮುಂದಿನ ವಾರವೂ ಅವನು ಬರುತ್ತಾನಾ ಎಂದು.
ಮಂಗಳವಾರ ರಸ್ತೆ ತೆರೆಯಿತು, ಬಸ್ಸು ಹೋಯಿತು.
ಹೆಸರು ಕೇಳಲು ಯಾರಿಗೂ ತೋಚಲಿಲ್ಲ, ನನಗೂ.

ಕಾರ್ಯಕ್ರಮ ಆಮೇಲೆ ದೊಡ್ಡ ಊರಿಗೆ ಹೋಯಿತು,
ಅಲ್ಲಿ ಮಾತು ಯಂತ್ರದಲ್ಲಿ ತಾನೇ ಉರುಳುತ್ತದಂತೆ.
ರಟ್ಟು ನನ್ನ ಬಳಿ ಉಳಿದಿದೆ. ಹಿಮನೀರಿಗೆ ಮಸಿ ಕದಡಿದೆ.
ಗೋಂದು ಈಗ ಪೂರಾ ಒಣಗಿ, ಕಾಗದದ ಅಂಚು ಎದ್ದು,
ಕೆಳಗಿನಿಂದ ಬಿಷಪ್ಪು
ಮೆಲ್ಲಗೆ ಇಣುಕುತ್ತಿದ್ದಾನೆ.