ಎರಡನೇ ಗಂಟೆ

ವಾಲಿಬಾಲ್ ಗೆದ್ದು ಬಂದವರಿಗೆ
ಕೋಡಿಬಾಗದ ಸ್ಟಾಪಿನಲ್ಲೇ ಪಟಾಕಿ.
ಚರ್ಚೆ ಗೆದ್ದು ಬಂದ ನಮ್ಮಿಬ್ಬರಿಗೆ
ಪ್ಯೂನ್ ಗಣಬಾ ಕೇಳಿದ್ದು ಒಂದೇ:
'ಬಸ್ ಟಿಕೇಟು ತಂದಿರಾ? ಲೆಕ್ಕಕ್ಕೆ ಬೇಕು.'
ನಡುವೆ ತಾಮ್ರದ ಸೂರ್ಯನಿದ್ದ ಆ ಪಾರಿತೋಷಕ
ಸ್ಟಾಫ್ ರೂಮಿನ ಕಪಾಟಿನ ಬಾಗಿಲು ತಾನಾಗಿ ತೆರೆಯದಂತೆ
ವರ್ಷವಿಡೀ ಒತ್ತಿಕೊಂಡು ನಿಂತಿತ್ತು.

ಹೆಸರಿಗೇನೂ ಬರವಿರಲಿಲ್ಲ ನಮಗೆ.
ರೇಡಿಯೋ. ಮೈಕಾಸುರಿ. ಮಾನ್ಯರೇ.
'ಮಾನ್ಯರೇ, ನಿಮ್ಮ ಚಪ್ಪಲಿ ಬಾವಿಗೆ ಬಿದ್ದಿದೆ,
ಖಂಡಿಸುತ್ತೀರಾ?'
ಅವಳ ಪಕ್ಕ ಕೂರಬೇಡ, ಬಾಯಿ ಅಂಟುತ್ತದೆ ಅಂತ
ಸುಪ್ರಿಯಾಳಿಗೆ ಅವಳವ್ವ ಹೇಳಿದ್ದಳಂತೆ.
ನನ್ನ ಜೊತೆಗಾರ ನೌಶಾದ್
ವೇದಿಕೆಯಲ್ಲಿ ಸರಕಾರಗಳನ್ನೇ ನಡುಗಿಸುತ್ತಿದ್ದವನು
ಬಸ್ಸಿನಲ್ಲಿ 'ಇಳೀಬೇಕು' ಎನ್ನಲಾರದೆ
ಎರಡು ಸ್ಟಾಪು ದಾಟಿ, ನಡೆದು ವಾಪಸ್ಸು ಬರುತ್ತಿದ್ದ.

ವಿಜ್ಞಾನ ವರವೋ ಶಾಪವೋ
ಮೊಬೈಲು ವರವೋ ಶಾಪವೋ
ಚೀಟಿ ಎತ್ತುವ ತನಕ ಎಲ್ಲವೂ ಎರಡೂ.

ಆ ವರ್ಷ ಶಿರಸಿಯಲ್ಲಿ ವಿಷಯ ಕೊಟ್ಟರು:
ಕರಾವಳಿಯ ಏಳಿಗೆಗೆ ಹೊಸ ಬಂದರು ಬೇಕೇ ಬೇಕು.
ನನ್ನ ಚೀಟಿಯಲ್ಲಿ: ಪರ.
ಅಪ್ಪ ದೋಣಿ ಎಳೆದಿಡುವ ಮರಳಿನ ಮೇಲೆ
ಐದು ನಿಮಿಷ ಕಾಂಕ್ರೀಟು ಸುರಿದೆ.
ಉದ್ಯೋಗ ಎಂದೆ. ರಫ್ತು ಎಂದೆ.
ಬಲೆ ಹೆಣೆಯುವ ಕೈ ಕ್ರೇನು ನಡೆಸುವ ದಿನ ಬರಲಿ ಎಂದೆ,
ಅಪ್ಪನ ಕೈಯನ್ನೇ ನೆನೆದು ಹೇಳಿದ ಮಾತದು,
ಚಪ್ಪಾಳೆ ಬಿದ್ದದ್ದೂ ಅಲ್ಲೇ.
ಮೊದಲ ಗಂಟೆ ಎಚ್ಚರಿಕೆಗೆ, ಎರಡನೆಯದಕ್ಕೆ ನಿಲ್ಲಿಸಬೇಕು.
ನಿಲ್ಲಿಸಿದೆ.
ಪ್ರಥಮ ಬಹುಮಾನ, ಮೂರಂತಸ್ತಿನ ಸ್ಟೀಲಿನ ಬುತ್ತಿ ಡಬ್ಬಿ.

ಪೇಪರಿನ ಒಳಪುಟದಲ್ಲಿ ಮೂರು ಸಾಲು ಬಂತು,
ಕೇರಿಗೆ ಮೂರು ಸಾಲು ಧಾರಾಳ ಸಾಕು.
'ತುಕಾರಾಮ ಹರಿಕಂತ್ರನ ಮಗಳು ಬಂದರು ಕೇಳಿದಳಂತೆ.'
'ಚೀಟಿಯಲ್ಲಿ ಬಂದದ್ದು ಅದು' ಎಂದೆ.
'ಚೀಟಿಯಲ್ಲಿ ಗಂಡ ಬಂದರೂ ಕಟ್ಕೊಳ್ತೀಯೇನೆ?'
ಎಂದಳು ಬಂಗಡೆ ಆಯುತ್ತಿದ್ದ ಮಾದೇವಿ.
ಅದಕ್ಕೆ ಉತ್ತರ ನಾನು ಬರೆದಿಟ್ಟ ಚೀಟಿಗಳಲ್ಲಿ ಇರಲಿಲ್ಲ.
ಅಪ್ಪ ಏನೂ ಅನ್ನಲಿಲ್ಲ.
ಹಳೆಯ ಅಲ್ಯೂಮಿನಿಯಂ ಡಬ್ಬಿಗೇ
ರಬ್ಬರ್ ಬಿಗಿದು ದೋಣಿ ಹತ್ತಿದ.

ಮೂರು ವರ್ಷ ಕಳೆದು ಅವರು ಬಂದರು.
ಬಂದರು: ಎರಡೂ ಅರ್ಥದಲ್ಲಿ.
ಶಾಮಿಯಾನ, ನೀರಿನ ಬಾಟಲಿ, ನಕ್ಷೆ, ಅಹವಾಲು ಸಭೆ.
ಹಿಂದಿನ ರಾತ್ರಿ ಬಾಗಿಲಲ್ಲಿ
ವಾಲಿಬಾಲಿನ ನಾಯಕ ಮೋಹನ ತಾಂಡೇಲ,
ಈಗ ಬೋಟಿನಲ್ಲಿ ಖಲಾಸಿ.
'ಮಾನ್ಯರೇ' ಎಂದ. ಈ ಸಲ ನಗಲಿಲ್ಲ.
'ನಾಳೆ ಅವರು ಎಂತ ಹೇಳ್ತಾರೆ ಅಂತ ನಿಂಗೆ ಗೊತ್ತಲ್ಲ.'
ಗೊತ್ತಿತ್ತು.

ಉದ್ಯೋಗ ಎಂದರು. ರಫ್ತು ಎಂದರು.
ಬಲೆ ಹೆಣೆಯುವ ಕೈ ಅವರಿಗೆ ಹೊಳೆಯಲಿಲ್ಲ;
ನಾನು ನಿರ್ಣಾಯಕಳಾಗಿದ್ದರೆ ಸಮಾಧಾನಕರ ಬಹುಮಾನ.
ಎದ್ದು ನಿಂತೆ. ಸಭಾಧ್ಯಕ್ಷರೇ ಎನ್ನಲಿಲ್ಲ.
ನನ್ನದೇ ಹಳೆಯ ಭಾಷಣದ ಹೊಲಿಗೆ
ಒಂದೊಂದಾಗಿ ಬಿಚ್ಚುತ್ತ ಹೋದೆ.
ನಾಲ್ಕನೇ ನಿಮಿಷಕ್ಕೆ ಕಿವಿ ತಾನಾಗಿ ನಿಮಿರಿತು.
ಗಂಟೆ ಇಲ್ಲ.
ಐದು. ಏಳು.
ಗಂಟೆಯಿಲ್ಲದಲ್ಲಿ ಹೇಗೆ ನಿಲ್ಲಿಸಬೇಕೆಂದು
ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.
ಮಾತು ಮುಗಿದಿತ್ತು, ಮೈಕು ಹಿಡಿದೇ ಇದ್ದೆ,
ಸ್ಪೀಕರಿನಲ್ಲಿ ಬರಿಯ ಗಾಳಿ, ತೆರೆ, ದೂರದ ನಾಯಿ.
'ದಾಖಲಾಗಿದೆ. ಮುಂದಿನವರು.'

ಮರಳ ಮೇಲೆ ನಡೆದು ಬರುವಾಗ
ಚಪ್ಪಲಿ ಕೈಯಲ್ಲಿ ಹಿಡಿದಿದ್ದ ಅಪ್ಪ ಕೇಳಿದ:
'ಶಿರಸಿಯದು ಚಲೋ ಇತ್ತಾ, ಇವತ್ತಿಂದಾ?'

ಸುಳ್ಳು ಹೇಳಬಹುದಿತ್ತು, ಅಭ್ಯಾಸವಿತ್ತು.
'ಶಿರಸಿಯದು' ಎಂದೆ.

ಸ್ವಲ್ಪ ದೂರ ನಡೆದ.
'ಅದೇ ಹೆದರಿಕೆ ನಂಗೆ' ಎಂದ.